ಹೆಸರೊಂದು, ಕೈ ಹಲವು

ಪಿಸ್ತೂಲನ್ನು ಕುರಿತು ಕನ್ನಡ ಮೇಷ್ಟರೊಬ್ಬ ಮಾತನಾಡುವುದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಓಲೆಗರಿಗಳ ಕಟ್ಟನ್ನು ಮುಂದಿಟ್ಟುಕೊಂಡು, ಯಾವ ಪ್ರತಿ ಯಾವ ಲಿಪಿಕಾರನ ಕೈಯದು, ಯಾವುದನ್ನು ನಂಬಬಹುದು, ಯಾವುದನ್ನು ನಂಬಕೂಡದು ಎಂದು ತೂಗಿ ನೋಡುವುದರಲ್ಲಿಯೇ ವೃತ್ತಿಯ ಬಹುಭಾಗವನ್ನು ಕಳೆದವನಿಗೆ ಸ್ಪೇನ್ ದೇಶದ ಒಂದು ಹಳೆಯ ಪಿಸ್ತೂಲಿನ ವೃತ್ತಾಂತ ಅಷ್ಟೇನೂ ಪರಕೀಯವಲ್ಲ. ಹೆಸರೇ ಕೇಳಿರದ ಪರದೇಶದ ಪಿಸ್ತೂಲೊಂದು ಎದುರಿಗೆ ಬಂದಾಗ ಅದನ್ನು ಆರಿಸಬೇಕೆ ಬಿಡಬೇಕೆ, ಅದರ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು ಎಂಬುದು ಪ್ರಶ್ನೆ. ಕಾವ್ಯದಲ್ಲಿ ಅಪಪಾಠ ನುಸುಳಿದರೆ ಅರ್ಥ ಕೆಡುತ್ತದೆ. ಇಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ನಾನು ಹೇಳಹೊರಟಿರುವ ಪಿಸ್ತೂಲಿನ ಹೆಸರು ರೂಬಿ, ಎಂದರೆ ಮಾಣಿಕ್ಯ. ಅದು ಅರೆ ಸ್ವಯಂಚಾಲಿತ ಜಾತಿಯದು. ಒಂದು ಗುಂಡು ಹಾರಿದೊಡನೆ ಆ ಸ್ಫೋಟದ ಬಲದಿಂದಲೇ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ತೋಟೆಯನ್ನು ಹೊರಕ್ಕೆ ಎಸೆದು, ಹಿಡಿಯೊಳಗಿನ ಮ್ಯಾಗಜೀನಿನಿಂದ ಹೊಸ ತೋಟೆಯನ್ನು ನಳಿಗೆಗೆ ತಳ್ಳಿ ಮುಚ್ಚಿಕೊಳ್ಳುತ್ತದೆ. ಮುಂದಿನ ಗುಂಡಿಗೆ ಮತ್ತೊಮ್ಮೆ ಟ್ರಿಗರ್ ಎಳೆಯಬೇಕು. ಅದರಿಂದಲೇ ‘ಅರೆ’ ಎಂಬ ವಿಶೇಷಣ. ಈ ‘ಅರೆ’ಯನ್ನು ನೆನಪಿನಲ್ಲಿಡಿ. ಅದು ಎಲ್ಲಿ ತಪ್ಪಿಹೋಗುತ್ತದೆಂಬುದು ಮುಂದೆ ಬರುತ್ತದೆ.

ಮೂಲಪಾಠ ಸ್ಪೇನಿನದಲ್ಲ. ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ ರಚಿಸಿ, ಬೆಲ್ಜಿಯಮ್ಮಿನ ಹೆರ್ಸ್ತಾಲ್ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 1903ರ ಪಿಸ್ತೂಲು ಅದಕ್ಕೆ ಮಾತೃಕೆ. ಸ್ಪೇನಿನ ಉತ್ತರಕ್ಕೆ, ಬಾಸ್ಕ್ ಜನರ ಗುಡ್ಡಗಾಡು ಸೀಮೆಯಲ್ಲಿ, ಎಯ್ಬಾರ್ ಎಂಬುದೊಂದು ಸಣ್ಣ ಊರುಂಟು. ತಲೆಮಾರುಗಳಿಂದ ಕೋವಿ ಮಾಡುವುದೇ ಅಲ್ಲಿಯವರ ಕಸುಬು. ಪರದೇಶದವನು ಪೇಟೆಂಟು ಪಡೆದ ವಸ್ತುವನ್ನು ಮೂರು ವರ್ಷದೊಳಗೆ ಸ್ಪೇನಿನಲ್ಲಿಯೇ ತಯಾರಿಸದಿದ್ದರೆ ಅದಕ್ಕೆ ರಕ್ಷಣೆಯಿಲ್ಲವೆಂದು ಆ ದೇಶದ ಅಂದಿನ ಕಾನೂನು ಹೇಳುತ್ತಿತ್ತು. ಎಯ್ಬಾರಿನ ಕುಶಲಕರ್ಮಿಗಳಿಗೆ ಅಷ್ಟು ಸಾಕಾಯಿತು. ಮನೆಮನೆಯಲ್ಲಿಯೂ ಬ್ರೌನಿಂಗನ ಪ್ರತಿ ಇಳಿಯತೊಡಗಿತು.

1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಬೆಲ್ಜಿಯಂ ಜರ್ಮನರ ವಶವಾದುದರಿಂದ ಹೆರ್ಸ್ತಾಲಿನ ಬಾಗಿಲು ಫ್ರಾನ್ಸಿನ ಪಾಲಿಗೆ ಮುಚ್ಚಿತು. ಫ್ರಾನ್ಸಿನ ಸ್ವಂತ ಕಾರ್ಖಾನೆಗಳಿಗೆ ಬಂದೂಕು ತಯಾರಿಸಿ ಪೂರೈಸುವುದೇ ಕಷ್ಟವಾಗಿತ್ತು. 1892ರ ಮಾದರಿಯ ರಿವಾಲ್ವರುಗಳು ಸಾಲುತ್ತಿರಲಿಲ್ಲ. ಕಂದಕಗಳಲ್ಲಿ ಹೋರಾಡುವವನಿಗೆ ಉದ್ದನೆಯ ಬಂದೂಕಿಗಿಂತ ಸೊಂಟದ ಆಯುಧವೇ ಬೇಕಾದ ಸಂದರ್ಭಗಳು ಹೆಚ್ಚಾಗಿದ್ದವು. ಆಗ ಫ್ರೆಂಚರ ಕಣ್ಣು ತಟಸ್ಥ ರಾಷ್ಟ್ರವಾಗಿದ್ದ ಸ್ಪೇನಿನ ಗಬಿಲೊಂಡೊ ಇ ಉರ್ರೆಸ್ತಿ ಎಂಬ ಸಂಸ್ಥೆಯ ರೂಬಿಯ ಮೇಲೆ ಬಿತ್ತು.

ಅವರ ಆಯ್ಕೆ ಅವಿವೇಕದ್ದಲ್ಲ. ರೂಬಿಯ ತೂಕ ಸುಮಾರು 850 ಗ್ರಾಂ, ಉದ್ದ ಗೇಣಿಗಿಂತ ಕಡಮೆ. ತೋಟೆ 7.65 ಮಿಲಿಮೀಟರಿನದು, ದೊಡ್ಡ ಪೆಟ್ಟಿನದಲ್ಲವಾದರೂ ಕೈಗೆ ಒದೆತ ಕಡಮೆ, ಹೊಸಬನೂ ಬೇಗ ಕಲಿಯಬಲ್ಲ. ಮ್ಯಾಗಜೀನಿನಲ್ಲಿ 9 ತೋಟೆಗಳು, ರಿವಾಲ್ವರಿನಲ್ಲಿದ್ದುದು 6. ಮೂಲ ಬ್ರೌನಿಂಗಿನಲ್ಲಿ ಹಿಡಿಯ ಹಿಂಬದಿಗೆ ಒಂದು ಒತ್ತುಪಟ್ಟಿಯಿತ್ತು. ಅಂಗೈ ಅದನ್ನು ಒತ್ತಿ ಹಿಡಿಯದ ಹೊರತು ಗುಂಡು ಹಾರುತ್ತಿರಲಿಲ್ಲ. ಎಯ್ಬಾರಿನವರು ಅದನ್ನು ಬಿಟ್ಟುಬಿಟ್ಟರು; ಕೆಲಸ ಸರಳವಾಯಿತು, ಬೆಲೆ ಇಳಿಯಿತು. ಲಿಪಿಕಾರ ತನಗೆ ಬೇಡವೆನಿಸಿದ ಪಂಕ್ತಿಯನ್ನು ಬಿಟ್ಟು ಬರೆದ ಹಾಗೆ.

1915ರಲ್ಲಿ ಮೊದಲ ಕರಾರು ತಿಂಗಳಿಗೆ 10,000 ಪಿಸ್ತೂಲುಗಳಿಗೆ ಆಯಿತು. ಬಲುಬೇಗ ಅದು 30,000ಕ್ಕೆ ಏರಿತು. ಒಂದು ಸಂಸ್ಥೆಯಿಂದ ಇದು ಆಗುವ ಮಾತೆ? ಗಬಿಲೊಂಡೊದವರು ನೆರೆಯ ಕೆಲವು ಕಾರ್ಖಾನೆಗಳನ್ನು ಪಾಲಿಗೆ ಕರೆದುಕೊಂಡರು. ಆ ಮೇಲೆ ಕರೆಯದವರೂ ಬಂದರು. ಕೊನೆಗೆ ನಲವತ್ತಕ್ಕೂ ಹೆಚ್ಚು ಕಾರ್ಖಾನೆಗಳು ರೂಬಿ ಮಾದರಿಯನ್ನು ಮಾಡಿದವು. ಕೆಲವು ತಮ್ಮ ಸರಕಿಗೆ ಬೇರೆ ಹೆಸರನ್ನೂ ಕೆತ್ತಿಕೊಂಡವು: ಒಂದು ವಿಕ್ಟೋರಿಯಾ, ಒಂದು ಡೆಸ್ಟ್ರಾಯರ್, ಒಂದು ಮಾರ್ಟಿಯನ್, ಅಂದರೆ ಮಂಗಳಗ್ರಹದವನು! ಯುದ್ಧ ಮುಗಿಯುವ ಹೊತ್ತಿಗೆ ಲಕ್ಷಗಟ್ಟಲೆ ಪಿಸ್ತೂಲುಗಳು ಗಡಿ ದಾಟಿದ್ದವು.

ತೊಡಕು ಇಲ್ಲಿಂದ ಮೊದಲಾಗುತ್ತದೆ. ನೋಡುವುದಕ್ಕೆ ಎಲ್ಲವೂ ಒಂದೇ. ಆದರೆ ಒಂದು ಕಾರ್ಖಾನೆಯ ಮ್ಯಾಗಜೀನು ಇನ್ನೊಂದರ ಪಿಸ್ತೂಲಿಗೆ ಕೂರುತ್ತಿರಲಿಲ್ಲ. ಕೂತರೂ ತೋಟೆ ಸಿಕ್ಕಿಕೊಳ್ಳುತ್ತಿತ್ತು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಸಾಕು. ಕಂದಕದ ಕತ್ತಲೆಯಲ್ಲಿ ಪಕ್ಕದವನ ಮ್ಯಾಗಜೀನನ್ನು ಕಿತ್ತುಕೊಂಡ ಸೈನಿಕನ ಪಾಡು ಏನಾಗಿರಬೇಕು, ಊಹಿಸಿ. ಇದಕ್ಕೆ ಕಂಡುಕೊಂಡ ಪರಿಹಾರ ನಮ್ಮ ಗ್ರಂಥಸಂಪಾದಕರು ಮೆಚ್ಚುವಂಥದು. ಪ್ರತಿಯೊಬ್ಬ ತಯಾರಕನೂ ತನ್ನ ಹೆಸರಿನ ಎರಡಕ್ಷರವನ್ನು ಪಿಸ್ತೂಲಿನ ಚೌಕಟ್ಟಿನ ಮೇಲೂ ಮ್ಯಾಗಜೀನಿನ ತಳದ ಮೇಲೂ ಒತ್ತಿದನು. ‘ಕ’ ಪ್ರತಿ, ‘ಖ’ ಪ್ರತಿ ಎಂದು ನಾವು ಅಡಿಟಿಪ್ಪಣಿಯಲ್ಲಿ ಸೂಚಿಸುವುದಿಲ್ಲವೆ, ಹಾಗೆಯೇ. ಬಿ ಎಚ್ ಎಂದರೆ ಬೈಸ್ತೆಗಿ ಸೋದರರು; ಇ ಯು ಎಂದರೆ ಎಸ್ಪೆರಾನ್ಸಾ ಇ ಉನ್ಸೆತಾ. ಈ ಎರಡನೆಯವರು ಎಯ್ಬಾರ್ ಬಿಟ್ಟು ಗೆರ್ನಿಕಾಕ್ಕೆ ಹೋಗಿ ನೆಲೆಸಿದವರು. ಆಸ್ಟ್ರಾ ಎಂಬ ಹೆಸರಿನಿಂದ ಆಮೇಲೆ ಪ್ರಸಿದ್ಧರಾದರು. ಅವರ ಕೈಯ ಪಿಸ್ತೂಲುಗಳಿಗೆ ಇಂದಿಗೂ ಒಳ್ಳೆಯ ಹೆಸರಿದೆ. 1937ರ ಏಪ್ರಿಲಿನಲ್ಲಿ ಗೆರ್ನಿಕಾದ ಮೇಲೆ ಬಾಂಬಿನ ಮಳೆ ಸುರಿದು ಊರು ಉರಿದುಹೋದಾಗ, ಜನರ ಮನೆಗಳು ನೆಲಸಮವಾದವು, ಪಿಸ್ತೂಲಿನ ಕಾರ್ಖಾನೆ ಮಾತ್ರ ಉಳಿದುಕೊಂಡಿತು. ಪಿಕಾಸೋನ ಚಿತ್ರವನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಬೈಸ್ತೆಗಿ ಸೋದರರು ಸೈಕಲ್ಲು ಮಾಡುವ ಕಡೆಗೆ ತಿರುಗಿದರು.

ಇನ್ನು ದೋಷಗಳ ಮಾತು. ಅವಸರದ ಕೆಲಸದಲ್ಲಿ ಉಕ್ಕಿಗೆ ಹದ ಕೊಡುವುದು ಎಲ್ಲರಿಗೂ ಒಂದೇ ಸಮನಾಗಿ ಸಾಧಿಸಲಿಲ್ಲ. ಮಲೆನಾಡಿನವರು ಕುದುರೆಯೆಂದು ಕರೆಯುವ ಹೊಡೆಗೊಡತಿಯನ್ನು ಒಂದು ಸಣ್ಣ ಕೊಕ್ಕೆ ತಡೆದು ನಿಲ್ಲಿಸಿರುತ್ತದೆ. ಉಕ್ಕು ಮೆತುವಾಗಿದ್ದರೆ ಆ ಕೊಕ್ಕೆಯ ಅಂಚು ಸವೆಯುತ್ತದೆ. ಸವೆದರೆ ಟ್ರಿಗರ್ ಒಮ್ಮೆ ಎಳೆದರೂ ಗುಂಡು ಎರಡು ಹಾರೀತು, ಮೂರು ಹಾರೀತು; ‘ಅರೆ’ ಎಂಬ ವಿಶೇಷಣ ಅಲ್ಲಿಗೆ ಬಿದ್ದುಹೋಯಿತು. ಸಾಲದೆಂಬಂತೆ ರೂಬಿಯ ಕುದುರೆ ಒಳಗೆ ಅಡಗಿರುತ್ತದೆ. ಅದು ಎದ್ದು ನಿಂತಿದೆಯೋ ಮಲಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಉಳಿದಿರುವ ಒಂದೇ ಕಾವಲು ಎಡಮಗ್ಗುಲಿನ ಸೇಫ್ಟಿ ಸನ್ನೆ. ಅದನ್ನಾದರೂ ನೆಚ್ಚೋಣವೆಂದರೆ, ಒರೆಯಲ್ಲಿ ಇಡುವಾಗ ಚರ್ಮ ಉಜ್ಜಿ ಸನ್ನೆ ತಾನಾಗಿ ತಿರುಗುತ್ತಿತ್ತು! ಇದನ್ನು ತಡೆಯುವುದಕ್ಕಾಗಿ ಸ್ಲೈಡಿನ ಎಡಮಗ್ಗುಲಿಗೆ ಒಂದು ಗುಂಡನೆಯ ಮೊಳೆ ಕೂರಿಸಿದರು. ಚರ್ಮ ಅದರ ಮೇಲೆ ಜಾರಿ ಸನ್ನೆಯನ್ನು ಮುಟ್ಟದಂತಾಯಿತು. ಯಾವುದಾದರೂ ರೂಬಿಯಲ್ಲಿ ಈ ಮೊಳೆ ಕಂಡರೆ ಅಲಂಕಾರವೆಂದು ಭ್ರಮಿಸಬೇಡಿ. ಇಷ್ಟೆಲ್ಲ ಆದರೂ ಫ್ರೆಂಚ್ ಸೇನೆ ಇದನ್ನು ಬಿಸಾಡಲಿಲ್ಲ. 1940ರ ಯುದ್ಧಕ್ಕೂ ಹಲವರು ಇದನ್ನೇ ಕಟ್ಟಿಕೊಂಡು ಹೋದರು. ರೂಬಿ ಕೆಟ್ಟ ಪಿಸ್ತೂಲೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಗ್ರಂಥಕರ್ತರನ್ನು ನಾನು ಒಪ್ಪುವುದಿಲ್ಲ. ಯಾವ ರೂಬಿ ಎಂದು ಮೊದಲು ಕೇಳಬೇಕು.

ಈ ಪ್ರಶ್ನೆ ನಮ್ಮವರಿಗೂ ಸಂಬಂಧಪಟ್ಟದ್ದು. ಅದೇ 7.65 ಮಿಲಿಮೀಟರ್ ತೋಟೆಯನ್ನು ನಮ್ಮಲ್ಲಿ ಪಾಯಿಂಟ್ ಮೂವತ್ತೆರಡು ಎನ್ನುತ್ತಾರೆ. ಸೇನೆ ಬಳಸುವ 9 ಮಿಲಿಮೀಟರಿನದು ನಿಷಿದ್ಧ ವರ್ಗಕ್ಕೆ ಸೇರಿದ್ದರಿಂದ, 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಪಿಸ್ತೂಲಿಗೆ ಪರವಾನಗಿ ಪಡೆದ ಗೃಹಸ್ಥ ಸಾಮಾನ್ಯವಾಗಿ ಈ ಮೂವತ್ತೆರಡರ ಕಡೆಗೇ ಬರಬೇಕು. 1980ರ ದಶಕದಿಂದೀಚೆಗೆ ಖಾಸಗಿಯವರ ಆಮದು ಬಹುಮಟ್ಟಿಗೆ ನಿಂತಿದೆ. ಆದಕಾರಣ ಹಿಂದೆಂದೋ ಬಂದ ಪರದೇಶದ ಪಿಸ್ತೂಲುಗಳೇ ಒಂದು ಪರವಾನಗಿಯಿಂದ ಇನ್ನೊಂದಕ್ಕೆ ದಾಟುತ್ತ, ದಾಟಿದಾಗಲೆಲ್ಲ ದುಬಾರಿಯಾಗುತ್ತ ಬಂದಿವೆ. ದೇಶದಲ್ಲಿಯೇ ತಯಾರಾದ ಹೊಸದೊಂದು ಎದುರಿಗಿದ್ದರೂ ‘ಫಾರಿನ್’ ಎಂಬ ಒಂದು ಶಬ್ದಕ್ಕೆ ಲಕ್ಷಗಟ್ಟಲೆ ಸುರಿಯುವವರುಂಟು. ಆ ಶಬ್ದದೊಳಗೆ ಹೆರ್ಸ್ತಾಲೂ ಅಡಗಿದೆ, ಎಯ್ಬಾರಿನ ಹಿತ್ತಿಲ ಕುಲುಮೆಯೂ ಅಡಗಿದೆ.

ಆದ್ದರಿಂದ ಕೊಳ್ಳುವವನು ಹೆಸರನ್ನು ಬಿಟ್ಟು ವಸ್ತುವನ್ನು ಓದಬೇಕು. ಮ್ಯಾಗಜೀನನ್ನು ತೆಗೆಸಿ, ನಳಿಗೆಯಲ್ಲಿ ತೋಟೆ ಉಳಿದಿಲ್ಲವೆಂದು ಕಣ್ಣಾರೆ ಕಂಡಮೇಲೆಯೇ ಕೈಗೆ ತೆಗೆದುಕೊಳ್ಳಬೇಕು. ಹೊರಗಿನ ಮೆರುಗಿಗೆ ಮರುಳಾಗಕೂಡದು. ಮೆರುಗನ್ನು ನಿನ್ನೆ ಕೊಟ್ಟಿರಬಹುದು. ಹೊಸ ಮೆರುಗಿನಡಿಯಲ್ಲಿ ಅಕ್ಷರಗಳು ಮಸುಕಾಗಿದ್ದರೆ ಉಜ್ಜಿದ್ದಾರೆಂದೇ ತಿಳಿಯಬೇಕು. ನಳಿಗೆಯ ಒಳಗಣ ಸುರುಳಿಗೆರೆಗಳು ತೀಕ್ಷ್ಣವಾಗಿವೆಯೋ, ತುಕ್ಕು ತಿಂದ ಕುಳಿಗಳಿವೆಯೋ ಬೆಳಕಿಗೆ ಹಿಡಿದು ನೋಡಬೇಕು. ಸ್ಪೇನಿನಲ್ಲಿ ಪಿಸ್ತೂಲುಗಳನ್ನು ಸರಕಾರಿ ಪರೀಕ್ಷೆಗೆ ಒಡ್ಡಿ ಮುದ್ರೆಯೊತ್ತುವುದು ಕಡ್ಡಾಯವಾದುದು 1920ರ ದಶಕದಲ್ಲಿ. ಯುದ್ಧಕಾಲದ ರೂಬಿಗೆ ಆ ಕಟ್ಟುಪಾಡು ಇರಲಿಲ್ಲ. ಕೊಕ್ಕೆಯ ಸವೆತವನ್ನು ಮಾತ್ರ ನಮ್ಮ ನಿಮ್ಮ ಕಣ್ಣು ಅರಿಯದು. ಅದನ್ನು ಬಲ್ಲ, ಲೈಸೆನ್ಸುಳ್ಳ ಕುಶಲಕರ್ಮಿಯಿಂದ ಬಿಚ್ಚಿಸಿ ನೋಡಿಸಬೇಕು. ಅವನು ಮ್ಯಾಗಜೀನಿಗೆ ಎರಡೇ ತೋಟೆ ತುಂಬಿ ಪರೀಕ್ಷಿಸುತ್ತಾನೆ. ಒಂದು ಎಳೆತಕ್ಕೆ ಎರಡೂ ಹಾರಿದವೆಂದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ಮನೆಗೆ ಬರುವುದು ಲೇಸು.

ಮಾರುವವನು ಉದಾರಿಯಾಗಿ, ಜೊತೆಗೆ ಇನ್ನೊಂದು ಮ್ಯಾಗಜೀನನ್ನು ಪುಕ್ಕಟೆಯಾಗಿ ಕೊಡುತ್ತೇನೆಂದಾನು. ಅದರ ತಳದ ಎರಡಕ್ಷರವನ್ನೂ ಓದಿ ನೋಡಿ.