ಸಭೆಯೂ ಪ್ರಶ್ನೆಯೂ

 

ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನೇರಿದವರು ಅಲ್ಲಮಪ್ರಭುಗಳು. ಆದರೂ ಡೋಹರ ಕಕ್ಕಯ್ಯನವರಿಗೂ ಶರಣೆಯರಿಗೂ ಅಲ್ಲಿ ಸಮಸ್ಥಾನವಿದ್ದಿತು. 1924ರ ಡಿಸೆಂಬರದಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ ಮಹಾತ್ಮಾ ಗಾಂಧಿಯವರು, ಅಸ್ಪೃಶ್ಯತೆಯು ಸ್ವರಾಜ್ಯಕ್ಕೆ ಅಡ್ಡಿಯೆಂದು ಸಾರಿದರು. ಕೇಳಿದವರು ಸಹಸ್ರಾರು, ಅದರಂತೆ ನಡೆದವರೆಷ್ಟು?

ಒಮ್ಮೆ ನನ್ನ ಉಪನ್ಯಾಸದ ಕೊನೆಯಲ್ಲಿ, ಹಿಂದೆ ಕುಳಿತ ತಾಯಿಯೊಬ್ಬಳು ಎದ್ದು, “ಸಮತಾ ಅಂದ್ರಿ, ಶಾಸ್ತ್ರಿಗಳ, ನಮ್ಮ ಓಣಿಗೆ ನೀರು ಯಾವಾಗರೀ?” ಎಂದಳು. ಹೊತ್ತಾಯಿತೆಂದು ನಾನು ಮಂಗಳ ಹಾಡಿಸಿದೆನು. ಆ ಲಜ್ಜೆ ಇನ್ನೂ ಮಾಸಿಲ್ಲ.

ಆದುದರಿಂದ ನಮ್ಮ ಉಪನ್ಯಾಸಗಳ ತರುವಾಯ ಅರ್ಧ ಗಂಟೆ ಸಭಿಕರ ಪ್ರಶ್ನೆಗೆ ಮೀಸಲಿರಲಿ. ಉತ್ತರ ದೊರೆಯದ ಪ್ರಶ್ನೆಯನ್ನು ಬರೆದಿಟ್ಟು, ಮುಂದಿನ ಸಭೆಯನ್ನು ಅದರಿಂದಲೇ ಆರಂಭಿಸೋಣ.