ಕಂಪ್ರೆಷನ್ ಎಲ್ಲಿಂದ ಶುರು?



ಹೊಸೂರಿನ ಗ್ಯಾರೇಜು, ಕಾರ್ಖಾನೆಗಳಲ್ಲಿ ದಿನಾ ಇಂಜಿನ್ ಮುಟ್ಟುವ ತಮ್ಮಂದಿರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ನನ್ನದೇ ಒಂದು ತಪ್ಪು ಹೇಳ್ತೀನಿ. ಒಬ್ಬ ಹುಡುಗ ಸಾಲ ಮಾಡಿ ಬುಲೆಟ್‌ಗೆ ಬೇರೆ ಕ್ಯಾಮ್ ತಂದ. ಸ್ಪೀಡ್ ಬರುತ್ತೆ ಅಂತ ಹಾಕಿಕೊಟ್ಟೆ. ಮಾರನೇ ದಿನ ಬಂದು, "ಗಾಡಿ ಎಳೀತಾನೇ ಇಲ್ಲ, ಮೋಸ ಮಾಡಿಬಿಟ್ರಾ ಅಣ್ಣಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಿಸ್ಟನ್ ಅದೇ, ಹೆಡ್ ಅದೇ, ಕಂಪ್ರೆಷನ್ ಹೇಗೆ ಕಮ್ಮಿಯಾದೀತು?

ಕಮ್ಮಿಯಾಗಿತ್ತು. ಪಿಸ್ಟನ್ ತಳದಿಂದ ಮೇಲಕ್ಕೆ ಹೊರಟಾಗ ಇನ್‌ಲೆಟ್ ವಾಲ್ವ್ ಇನ್ನೂ ತೆರೆದೇ ಇರುತ್ತೆ. ಅದು ಮುಚ್ಚೋ ತನಕ ಗಾಳಿ ಒತ್ತೋದಿಲ್ಲ. ಜೋರಾಗಿ ಓಡುವಾಗ ಗಾಳಿ ನುಗ್ಗೋ ರಭಸಕ್ಕೆ ತಡವಾಗಿ ಮುಚ್ಚೋದೇ ಲಾಭ. ಆದರೆ ಸಂತೆ ಬೀದಿಯಲ್ಲಿ ನಿಧಾನಕ್ಕೆ ಹೋದರೆ, ಒಳಗೆ ಬಂದ ಗಾಳಿ ಬಂದ ದಾರೀಲೇ ವಾಪಸ್.

ಕಾಗದ ತಗೊಳ್ಳಿ. ಹಳೇ ಬುಲೆಟ್ 350ರ ಬೋರು 70 ಮಿ.ಮೀ., ಸ್ಟ್ರೋಕು 90. ಒಟ್ಟು 346 ಸಿಸಿ. ಕಂಪ್ರೆಷನ್ 8.5, ಕನೆಕ್ಟಿಂಗ್ ರಾಡ್ 180 ಮಿ.ಮೀ. ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 346ನ್ನು 7.5ರಿಂದ ಭಾಗಿಸಿದರೆ ಹೆಡ್ಡಿನ ಜಾಗ 46 ಸಿಸಿ.

ವಾಲ್ವ್ ಮುಚ್ಚೋದು ತಳ ದಾಟಿ 60 ಡಿಗ್ರಿಗೆ ಅನ್ನಿ. ಮೇಲಿನಿಂದ ಎಣಿಸಿದರೆ 120. ಕ್ರ್ಯಾಂಕು ಸ್ಟ್ರೋಕಿನ ಅರ್ಧ, 45. ಅದನ್ನು ಒಂದೂವರೆಯಿಂದ ಗುಣಿಸಿದರೆ 67.5. ರಾಡು ಓರೆಯಾಗಿ ನಿಂತಿದ್ದಕ್ಕೆ ಇನ್ನೂ 4.3 ಸೇರುತ್ತೆ (ಶಾಲೇಲಿ ಕಲಿತ ಪೈಥಾಗೊರಸ್ ಇಲ್ಲೇ ಕೆಲಸಕ್ಕೆ ಬರೋದು). ಅಂದರೆ ಒತ್ತುವ ಸ್ಟ್ರೋಕು 90 ಅಲ್ಲ, ಬರೀ 71.8. ಅದರ ಅಳತೆ 276 ಸಿಸಿ. 276ಕ್ಕೆ 46 ಕೂಡಿಸಿ, 46ರಿಂದ ಭಾಗಿಸಿ: 7.0. ಇದೇ ಡೈನಮಿಕ್ ಕಂಪ್ರೆಷನ್. 40 ಡಿಗ್ರಿಗೇ ಮುಚ್ಚಿದರೆ 7.8 ಬರುತ್ತೆ. ಆ ಹುಡುಗನ ಪಿಕಪ್ ಹೋಗಿದ್ದು ಹೀಗೆ.

ಲೆಕ್ಕ ಬರದಿದ್ದರೆ ಹೆಡ್ ಬಿಚ್ಚಿ, ಕ್ರ್ಯಾಂಕಿಗೆ ಡಿಗ್ರಿ ಪ್ಲೇಟು ಹಾಕಿ, ಆ ಡಿಗ್ರಿಯಲ್ಲಿ ಪಿಸ್ಟನ್ ತುತ್ತತುದಿಯಿಂದ ಎಷ್ಟು ಕೆಳಗಿದೆ ಅಂತ ವರ್ನಿಯರ್‌ನಲ್ಲಿ ಅಳೆಯಿರಿ. ಒಂದು ಎಚ್ಚರ: ಕ್ಯಾಮ್ ಜೊತೆ ಬರೋ ಚೀಟಿಯಲ್ಲಿ ವಾಲ್ವ್ 1 ಮಿ.ಮೀ. ಎತ್ತರದಲ್ಲಿದ್ದಾಗಿನ ಡಿಗ್ರಿ ಬರೆದಿದ್ದರೆ, ಪೂರ್ತಿ ಮುಚ್ಚೋದು ಇನ್ನೂ ತಡ. ಇಷ್ಟು ನೋಡದೆ ಪಿಕಪ್ ಬರಲಿ ಅಂತ ಹೆಡ್ ಉಜ್ಜಿಸಬೇಡಿ. ಆಮೇಲೆ ಬೇಗ ಮುಚ್ಚೋ ಕ್ಯಾಮ್ ಹಾಕಿದರೆ ನಾಕಿಂಗ್ ಶುರುವಾಗಿ ಪಿಸ್ಟನ್ನೇ ತೂತಾಗಬಹುದು.

ಆ ಹುಡುಗನಿಗೆ ಹಳೇ ಕ್ಯಾಮ್ ಹಾಕಿಕೊಟ್ಟೆ, ಕೂಲಿ ತಗೊಳ್ಳಲಿಲ್ಲ. ಕ್ಯಾಮಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ.