ಸಾಗುವುದು, ತಿರುಗುವುದು

ಮಲೆ ಮಹದೇಶ್ವರ ಬೆಟ್ಟದ ದಾರಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕೊಳ್ಳೇಗಾಲದಿಂದ ಹೊರಟ ಬಸ್ಸು ಹನೂರು ದಾಟಿ ಘಾಟಿ ಹತ್ತುತ್ತದೆ. ಹಿಮ್ಮುರಿ ತಿರುವೊಂದು ಬಂದಾಗ, ಪೂರ್ವಕ್ಕೆ ಮುಖ ಮಾಡಿದ್ದ ಬಸ್ಸು ಪಶ್ಚಿಮಕ್ಕೆ ಮುಖ ಮಾಡುತ್ತದೆ. ಇನ್ನು ಜಾತ್ರೆಯ ಮೈದಾನದಲ್ಲಿ ನಿಲ್ಲಿಸುವ ಎತ್ತರದ ಜೈಂಟ್ ವೀಲನ್ನು ನೆನೆಯಿರಿ. ಅದರ ತೊಟ್ಟಿಲಲ್ಲಿ ಕೂತವರು ಮೇಲೇರಿ ಕೆಳಗಿಳಿದು ಪೂರ್ತಿ ಒಂದು ಸುತ್ತು ಬರುತ್ತಾರೆ. ಇವೆರಡರಲ್ಲಿ ಯಾವುದರದು ಭ್ರಮಣ ಚಲನೆ? ತೊಟ್ಟಿಲಿನದು ಎಂದೇ ಹೆಚ್ಚಿನವರು ಹೇಳುತ್ತಾರೆ. ಭೌತವಿಜ್ಞಾನದ ಉತ್ತರ ಬೇರೆ. ಆ ತಿರುವಿನಲ್ಲಿ ತನ್ನ ಮೈಯನ್ನೇ ತಿರುಗಿಸಿಕೊಂಡದ್ದು ಬಸ್ಸು. ಸಣ್ಣ ತೂಗಾಟವನ್ನು ಬಿಟ್ಟರೆ ತೊಟ್ಟಿಲಿನದು ಸ್ಥಾನಾಂತರ ಚಲನೆ.

ಸುತ್ತು ಹೊಡೆದದ್ದು ತಿರುಗಲಿಲ್ಲ ಎಂದರೆ ಹೇಗೆ ಎಂಬ ಆಕ್ಷೇಪ ಸಹಜವಾದದ್ದೇ. ಅದಕ್ಕೆ ಸರಳವಾದ ಒಂದು ಪರೀಕ್ಷೆಯಿದೆ. ವಸ್ತುವಿನ ಮೈಮೇಲೆ ಒಂದು ಗೆರೆ ಎಳೆದಿದೆ ಎಂದು ಭಾವಿಸಿ, ಚಲಿಸುವಾಗ ಆ ಗೆರೆಯ ದಿಕ್ಕು ಬದಲಾಗುತ್ತದೆಯೇ ನೋಡಿ. ತೊಟ್ಟಿಲನ್ನು ಮೇಲಿನ ಕೀಲಿಗೆ ತೂಗುಹಾಕಿರುತ್ತಾರೆ. ಆದ್ದರಿಂದ ಅದು ಚಕ್ರದ ತುದಿಗೇರಲಿ, ಬುಡಕ್ಕಿಳಿಯಲಿ, ಕೂತವರ ತಲೆ ಮೇಲೇ ಇರುತ್ತದೆ, ಕಾಲು ಕೆಳಗೇ ಇರುತ್ತದೆ. ಗೆರೆ ತಿರುಗಲಿಲ್ಲ; ತೊಟ್ಟಿಲಿನ ಪ್ರತಿಯೊಂದು ಕಣವೂ ಒಂದೇ ಕ್ಷಣದಲ್ಲಿ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗಿತು. ಇದೇ ಸ್ಥಾನಾಂತರ ಚಲನೆಯ ಲಕ್ಷಣ. ಸಾಗುವ ಹಾದಿ ನೇರವೋ ಡೊಂಕೋ ಎಂಬುದು ಇಲ್ಲಿ ಮುಖ್ಯವಲ್ಲ. ತೊಟ್ಟಿಲನ್ನು ಹೊತ್ತ ದೊಡ್ಡ ಚಕ್ರದ ಕಡ್ಡಿಗಳ ಕಥೆ ಬೇರೆ: ಅವುಗಳ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಚ್ಚಿನ ಹತ್ತಿರದ ಕಣ ನಿಧಾನವಾಗಿಯೂ ಅಂಚಿನ ಕಣ ವೇಗವಾಗಿಯೂ ಓಡುತ್ತದೆ. ಅದು ಭ್ರಮಣ ಚಲನೆ.

ಈ ಎರಡು ಚಲನೆಗಳ ನಡುವಿನ ಕೊಡುಕೊಳ್ಳುವಿಕೆ ಮಹದೇಶ್ವರ ಬೆಟ್ಟದ ಸೀಮೆಯವರಿಗೆ ಹೊಸತೇನಲ್ಲ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ನೂಲು ಬಿಚ್ಚುವ ರಾಟೆ ಇದ್ದಲ್ಲೇ ತಿರುಗುತ್ತದೆ. ಬಿಸಿನೀರಿನಲ್ಲಿರುವ ಗೂಡಿನಿಂದ ಎಳೆ ನೇರವಾಗಿ ಸಾಗಿಬರುತ್ತದೆ. ರಾಟೆಯ ಸುತ್ತಳತೆ ಒಂದೂವರೆ ಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ಒಂದೂವರೆ ಮೀಟರ್ ಎಳೆ ಬಂತು. 1,000 ಮೀಟರ್ ಎಳೆ ಬಿಚ್ಚಲು ಸುಮಾರು 667 ಸುತ್ತು ಬೇಕು. ಶಿವನಸಮುದ್ರದಲ್ಲಿ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಧುಮ್ಮಿಕ್ಕುವ ಕಾವೇರಿ ನೀರಿನ ಓಟ ಟರ್ಬೈನಿನ ತಿರುಗಾಟವಾಗಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತಾಗಿ ಹರಿಯಿತು.

ಸಾಗುವುದೂ ತಿರುಗುವುದೂ ಒಂದೇ ಮೈಯಲ್ಲಿ ಕೂಡಿದಾಗ ವಿಷಯ ಇನ್ನಷ್ಟು ಸೊಗಸಾಗುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ರಂಗನಾಥನ ತೇರು ಹೊರಟಿದೆ ಎನ್ನಿ. ಗಾಲಿಯ ನಡುವಿನ ಅಚ್ಚು ತೇರಿನ ವೇಗದಲ್ಲೇ ಮುಂದೆ ಹೋಗುತ್ತದೆ. ಅದರ ಜೊತೆಗೆ ಗಾಲಿ ತಿರುಗುವುದರಿಂದ ಅದರ ನೆತ್ತಿಗೆ ಅಷ್ಟೇ ವೇಗ ಮುಂದಕ್ಕೂ, ಬುಡಕ್ಕೆ ಅಷ್ಟೇ ವೇಗ ಹಿಂದಕ್ಕೂ ಸೇರುತ್ತದೆ. ಹೀಗಾಗಿ ನೆತ್ತಿ ತೇರಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಉರುಳುವ ಗಾಲಿಯ ಬುಡ ನಿಂತಿರುತ್ತದೆಂದರೆ ನಂಬುವುದು ಕಷ್ಟ ನಿಜ. ಆದರೆ ಮಳೆ ಬಂದು ಹಸಿಯಾದ ಮಣ್ಣಿನ ರಸ್ತೆಯಲ್ಲಿ ಸೈಕಲ್ಲು ಹೋದ ಗುರುತನ್ನು ಬಗ್ಗಿ ನೋಡಿ. ಟೈರಿನ ಹಲ್ಲುಗಳು ಮುದ್ರೆ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿರುತ್ತವೆ. ಬುಡ ಜಾರುತ್ತಿದ್ದರೆ ಆ ಮುದ್ರೆ ಕಲಸಿಹೋಗಬೇಕಿತ್ತು; ಬ್ರೇಕು ಹಾಕಿ ಗಾಲಿ ಜಾರಿದ ಕಡೆ ಹಾಗೆಯೇ ಆಗಿರುತ್ತದೆ. ನೆತ್ತಿಯ ವೇಗಕ್ಕೂ ಸಾಕ್ಷಿಯಿದೆ. ಕಲ್ಲುಚಪ್ಪಡಿಯ ಕೆಳಗೆ ದುಂಡು ದಿಮ್ಮಿ ಇಟ್ಟು ದೂಡುವವರು ಹಿಂದೆ ಉಳಿದ ದಿಮ್ಮಿಯನ್ನು ಎತ್ತಿ ಮತ್ತೆ ಮುಂದಕ್ಕೆ ಕೊಡುತ್ತಲೇ ಇರಬೇಕು. ದಿಮ್ಮಿಯ ನೆತ್ತಿಯ ಮೇಲೆ ಕೂತ ಕಲ್ಲು ಎರಡು ಮಾರು ಹೋಗುವಷ್ಟರಲ್ಲಿ ದಿಮ್ಮಿ ಒಂದೇ ಮಾರು ಹೋಗಿರುತ್ತದೆ. ಮನೆಯಲ್ಲಿ ಲಟ್ಟಣಿಗೆಯ ಮೇಲೆ ಅಡ್ಡಪಟ್ಟಿ ಇಟ್ಟು ತಳ್ಳಿದರೂ ಇದನ್ನೇ ಕಾಣಬಹುದು.

ಎರಡೂ ಹೀಗೆ ಬೆರೆತೇ ಇರುವಾಗ ಬಿಡಿಸಿ ನೋಡುವುದೇಕೆ, ಇದು ಪಾಠಪುಸ್ತಕದ ಕಸರತ್ತಲ್ಲವೇ ಎಂದೂ ಕೇಳಬಹುದು. ಅಲ್ಲ, ಎರಡಕ್ಕೂ ಬೇರೆಬೇರೆ ಖರ್ಚಿದೆ. ಓರೆಯಾಗಿಟ್ಟ ಹಲಗೆಯ ಮೇಲಿಂದ ಒಂದು ನಾಣ್ಯವನ್ನೂ ಒಂದು ಬಳೆಯನ್ನೂ ಒಟ್ಟಿಗೆ ಉರುಳಬಿಡಿ. ನಾಣ್ಯವೇ ಮೊದಲು ಕೆಳಗೆ ಮುಟ್ಟುತ್ತದೆ. ಭಾರ ಹೆಚ್ಚಿದ್ದು ಮುಂದೆ ಹೋಯಿತು ಎನ್ನುವಂತಿಲ್ಲ, ಬಳೆ ನಾಣ್ಯಕ್ಕಿಂತ ಭಾರವಿದ್ದರೂ ಫಲ ಇದೇ. ಗಾತ್ರವೂ ಕಾರಣವಲ್ಲ. ಭಾರ ಎಲ್ಲಿ ಕೂತಿದೆ ಎಂಬುದೇ ಕಾರಣ. ಬಳೆಯ ಭಾರವೆಲ್ಲ ಅಂಚಿನಲ್ಲಿದೆ. ಇಳಿಜಾರಿನಲ್ಲಿ ಅದು ಗಳಿಸಿದ ಚಲನಶಕ್ತಿಯಲ್ಲಿ ಅರ್ಧ ಪಾಲು ತಿರುಗುವುದಕ್ಕೇ ಹೋಗುತ್ತದೆ, ಸಾಗುವುದಕ್ಕೆ ಉಳಿಯುವುದು ಇನ್ನರ್ಧ. ನಾಣ್ಯದ ಭಾರ ನಡುವಿನ ತನಕ ಹರಡಿದೆ. ಅದು ತಿರುಗುವುದಕ್ಕೆ ಮೂರರಲ್ಲಿ ಒಂದು ಪಾಲನ್ನಷ್ಟೇ ಕೊಟ್ಟು, ಎರಡು ಪಾಲನ್ನು ಸಾಗುವುದಕ್ಕೆ ಉಳಿಸಿಕೊಳ್ಳುತ್ತದೆ. ಚಲನೆಯನ್ನು ಎರಡಾಗಿ ಬಿಡಿಸದೆ ನಾಣ್ಯ ಗೆದ್ದದ್ದೇಕೆಂದು ಹೇಳಲು ಬರುವುದಿಲ್ಲ.

ಆದ್ದರಿಂದ ಮುಂದಿನ ಸಲ ತೇರು ಹೊರಟಾಗ ಮೊದಲು ಉತ್ಸವಮೂರ್ತಿಯನ್ನು ನೋಡಿ, ಆಮೇಲೆ ಗಾಲಿಯನ್ನು ನೋಡಿ. ನೇರ ಬೀದಿಯಲ್ಲಿ ಮೂರ್ತಿ ಬರೀ ಸಾಗುತ್ತದೆ, ಗಾಲಿ ಸಾಗುತ್ತಲೇ ತಿರುಗುತ್ತದೆ. ಬೀದಿಯ ಮೂಲೆಗೆ ಬಂದು ತೇರು ಹೊರಳಿದಾಗ ಅದರೊಡನೆ ಮೂರ್ತಿಯ ಮುಖವೂ ಹೊರಳುತ್ತದೆ. ಅಲ್ಲಿ ನೀವು ಮನಸ್ಸಿನಲ್ಲಿ ಎಳೆದುಕೊಂಡ ಗೆರೆಯೂ ದಿಕ್ಕು ಬದಲಿಸಿರುತ್ತದೆ.